ಓಖ್ಲಾದ ದೋಣಿಗೆ ಬಸ್ಸಿನ ಚಕ್ರ

ನಮ್ಮ ಮನೆಯಲ್ಲಿ ಆಸ್ತಿಗಾಗಿ ಜಗಳವಾಗಿದ್ದಿಲ್ಲ, ಒಡವೆಗಾಗಿ ಆಗಿದ್ದಿಲ್ಲ. ಆದದ್ದು ಒಂದೇ ದೊಡ್ಡ ಜಗಳ, ಅದೂ ಹಾಯಿದೋಣಿಯ ಚುಕ್ಕಾಣಿಯನ್ನು ಕೋಲಿನಿಂದ ತಿರುಗಿಸಬೇಕೋ ಚಕ್ರದಿಂದ ತಿರುಗಿಸಬೇಕೋ ಎಂದು. ಸಮುದ್ರದ ಗಂಧವೂ ಇಲ್ಲದ ದಿಲ್ಲಿಯಲ್ಲಿ, ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಊಟದ ಮೇಜಿನ ಸುತ್ತ ಕೂತು ನಾವು ಇದಕ್ಕಾಗಿ ಗಂಟಲು ಹರಿದುಕೊಂಡೆವು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ನನಗೆ ಮಾತ್ರ ಇವತ್ತಿಗೂ ನಗು ಬರುವುದಿಲ್ಲ.

ದೋಣಿ ನನ್ನ ಅಣ್ಣನದು. ಅಣ್ಣ ಮದುವೆಯಾದವನಲ್ಲ. ನಾವು ಕಾರವಾರದವರು. ಇವನು ನಡೆಯುವುದಕ್ಕೆ ಮೊದಲೇ ಈಜು ಕಲಿತ ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮನ ಮಾತಿನಲ್ಲಿ ಅರ್ಧ ಕಳೆದರೂ ನೀರಿನ ಹುಚ್ಚು ಅವನಿಗಿದ್ದದ್ದು ನಿಜ. ಹಡಗುಗಳ ನಕ್ಷೆ ಬರೆಯುವ ಕೆಲಸಕ್ಕೆ ಕೇಂದ್ರ ಸರ್ಕಾರ ಸೇರಿ, ಕೊಚ್ಚಿ, ಮುಂಬಯಿ ಎಂದು ತಿರುಗಿ, ಕೊನೆಗೆ ವರ್ಗವಾಗಿ ದಿಲ್ಲಿಗೆ ಬಂದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹಾಸಿಗೆ ಬಿಚ್ಚಿದ. ನಾನೂ ನನ್ನ ಯಜಮಾನರೂ ಬೇರೆ ಬೇರೆ ಮಂತ್ರಾಲಯಗಳಲ್ಲಿ ನೌಕರಿಯಲ್ಲಿದ್ದೆವು. ಮಗಳೊಬ್ಬಳು ಗ್ರೇಟರ್ ನೋಯ್ಡಾದಲ್ಲಿ ಕಾಲೇಜು ಓದುತ್ತ ಹಾಸ್ಟೆಲಿನಲ್ಲಿದ್ದಳು, ಶನಿವಾರ ಬಂದರೆ ಸೋಮವಾರ ಹೋಗುವವಳು. ಮೆಟ್ರೋ ಆಗಷ್ಟೇ ರೋಹಿಣಿಯ ಕಡೆ ಓಡತೊಡಗಿತ್ತು. ಜನ ಕೆಲಸವಿಲ್ಲದಿದ್ದರೂ ಸುಮ್ಮನೆ ಅದರಲ್ಲಿ ಕೂತು ಹೋಗಿ ಬರುತ್ತಿದ್ದ ಕಾಲ.

ಅಣ್ಣನಿಗೆ ಮೆಟ್ರೋ ಬೇಡ, ಕೆಂಪುಕೋಟೆ ಬೇಡ. ದಿಲ್ಲಿಗೆ ಬಂದ ಸ್ವಲ್ಪ ದಿನಕ್ಕೇ ಓಖ್ಲಾದಲ್ಲಿ, ಯಮುನೆಗೆ ಕಟ್ಟಿದ ಬ್ಯಾರೇಜಿನ ಮೇಲ್ಭಾಗದಲ್ಲಿ, ಒಂದು ಸಣ್ಣ ಹಾಯಿದೋಣಿ ಕ್ಲಬ್ಬನ್ನು ಹುಡುಕಿಕೊಂಡ. ಅಲ್ಲಿ ಯಮುನೆ ಅಗಲವಾಗಿ ಹರಡಿ ನಿಂತಿದೆ. ನೀರು ಕಪ್ಪು, ವಾಸನೆ ದೇವರಿಗೇ ಪ್ರೀತಿ. ನಿವೃತ್ತನಾದಾಗ ಎಲ್ಲರೂ ನೋಯ್ಡಾದಲ್ಲಿ ಫ್ಲ್ಯಾಟು ನೋಡುತ್ತಿದ್ದರೆ ಇವನು ಆ ಕ್ಲಬ್ಬಿನಲ್ಲಿ ಯಾರೋ ಬಿಟ್ಟುಹೋಗಿದ್ದ ಹಳೆಯ ಪುಟ್ಟ ಯಾಟ್ ಕೊಂಡ. ಒಂದು ಹಾಯಿಕಂಬ, ಬಗ್ಗಿ ಕೂತರೆ ಇಬ್ಬರು ಹಿಡಿಯುವ ಒಂದು ಗೂಡು, ಹಿಂಬದಿಗೆ ತೂಗುಬಿದ್ದು ನೀರಿಗಿಳಿದ ಹಲಗೆಯ ಚುಕ್ಕಾಣಿ. ಆ ಹಲಗೆಯ ತಲೆಗೆ ಸಿಕ್ಕಿಸಿದ ಮರದ ಕೋಲು ಹಿಡಿದು ದೋಣಿ ನಡೆಸುವುದು. ಭಾನುವಾರ ಬೆಳಿಗ್ಗೆ ಇಡ್ಲಿ ಕಟ್ಟಿಕೊಂಡು ಎಲ್ಲರೂ ಮಾರುತಿ ಕಾರಿನಲ್ಲಿ ಓಖ್ಲಾಕ್ಕೆ ಹೊರಡುತ್ತಿದ್ದೆವು.

ದೋಣಿ ಕೊಂಡ ವರ್ಷವೇ ಅಣ್ಣನ ಕಣ್ಣಿಗೆ ಗ್ಲಾಕೋಮಾ ಎಂದು ಗೊತ್ತಾಯಿತು. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತದೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದರು ಡಾಕ್ಟರು. ಮೊದಲು ಸ್ಕೂಟರ್ ಬಿಟ್ಟ. ಆಮೇಲೆ ಪೇಪರು ಬಿಟ್ಟ. ನಾನು ತಟ್ಟೆಯ ಬಲಕ್ಕೆ ಇಟ್ಟ ನೀರಿನ ಲೋಟವನ್ನು ಅವನು ಕೈಯಿಂದ ತಡವಿ ಹುಡುಕುವುದನ್ನು ಕಂಡ ದಿನ ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ. ಅವನಿಗೆ ಮಾತ್ರ ಒಂದೇ ಚಿಂತೆ. ಇನ್ನು ಎಷ್ಟು ದಿನ ನಾನು ದೋಣಿ ನಡೆಸಬಹುದು? ಬೇರೆ ಯಾವುದನ್ನೂ ಕೇಳಲಿಲ್ಲ, ಡಾಕ್ಟರನ್ನೂ ಅದನ್ನೇ ಕೇಳಿದ. ಡಾಕ್ಟರು ಇದ್ಯಾವ ಸೀಮೆಯ ಪೇಷಂಟು ಎಂಬಂತೆ ನನ್ನ ಮುಖ ನೋಡಿದರು.

ಆದರೆ ದೋಣಿಯಲ್ಲಿ ಅವನು ಕುರುಡನಾಗಿರಲಿಲ್ಲ. ನನಗೆ ನೀರೆಂದರೆ ಭಯ. ಲೈಫ್ ಜಾಕೆಟ್ಟಿನ ಬೆಲ್ಟು ಉಸಿರು ಕಟ್ಟುವಷ್ಟು ಬಿಗಿದುಕೊಂಡು ಹಾಯಿಕಂಬದ ಬುಡದಲ್ಲಿ ಕೂರುತ್ತಿದ್ದೆ. ಅಲ್ಲಿಂದ ಅವನನ್ನೇ ನೋಡುತ್ತಿದ್ದೆ. ಕೆನ್ನೆಯನ್ನು ಗಾಳಿಗೆ ಒಡ್ಡಿ, ಕೋಲನ್ನು ಬೆರಳುಗಳಲ್ಲಿ ಹಗುರವಾಗಿ ಹಿಡಿದು ಕೂತಿರುತ್ತಿದ್ದ. "ಹಾಯಿ ಸಡಿಲ ಆಯ್ತು, ಸ್ವಲ್ಪ ಎಳೀರಿ," ಎನ್ನುತ್ತಿದ್ದ ನಮ್ಮ ಯಜಮಾನರಿಗೆ. ಹಾಯಿ ಅವನಿಗೆ ಕಾಣುತ್ತಿರಲಿಲ್ಲ. ಕೆಲವೊಮ್ಮೆ, "ಅಂತರಗಂಗೆ ಸಿಕ್ಕಿಕೊಂಡಿದೆ," ಎಂದು ಹಗ್ಗ ಎಳೆದು ಚುಕ್ಕಾಣಿಯ ಹಲಗೆಯನ್ನು ಮೇಲೆತ್ತಿದರೆ ಅದರ ತುಂಬ ಹಸಿರು ಕಳೆ ಜೋತುಬಿದ್ದಿರುತ್ತಿತ್ತು. ಯಮುನೆಯ ಆ ಭಾಗದಲ್ಲಿ ಕಳೆ ಚಾಪೆ ಚಾಪೆಯಾಗಿ ತೇಲಿಬರುತ್ತದೆ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಕೋಲನ್ನು ತೋರಿಸುತ್ತಿದ್ದ. ಮಗಳು ಮುಂದೆ ಕೂತು ಕೂಗುವಳು, "ಮಾಮ, ರೈಟ್ ಸೈಡ್ ಒಂದು ಬೋಟ್ ಆ ರಹೀ ಹೈ!" ಅಷ್ಟು ಸಾಕಾಗುತ್ತಿತ್ತು. ಕಣ್ಣು ಅವಳದು, ಕೈ ಅವನದು.

ಇದು ಕ್ಲಬ್ಬಿನವರ ಕಿವಿಗೆ ಬೀಳದೆ ಇರುತ್ತದೆಯೇ? ಅಲ್ಲಿನ ಕಾರ್ಯದರ್ಶಿ, ಬಿಳಿ ಮೀಸೆಯ ನಿವೃತ್ತ ಅಧಿಕಾರಿ, ಒಂದು ಭಾನುವಾರ ಅಣ್ಣನಿಗೆ ಚಹಾ ಕೊಡಿಸಿ ಮೃದುವಾಗಿ ಹೇಳಿದರು. ನೀವು ನಡೆಸಿ, ನಮ್ಮ ಅಡ್ಡಿಯಿಲ್ಲ, ಆದರೆ ಕಣ್ಣು ಚೆನ್ನಾಗಿರುವ ಒಬ್ಬರು ಪಕ್ಕದಲ್ಲಿರಬೇಕು, ಬೇಕಾದ ಕ್ಷಣ ಅವರು ಚುಕ್ಕಾಣಿ ತೆಗೆದುಕೊಳ್ಳುವಂತಿರಬೇಕು. ಆ ಮಾತಿನಲ್ಲಿ ತಪ್ಪಿರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಯಾರಾದರೂ ಚುಕ್ಕಾಣಿ ಹಿಡಿಯುವುದನ್ನು ಕಲಿಯಲೇಬೇಕಾಯಿತು. ಆ ಯಾರಾದರೂ ನಮ್ಮ ಯಜಮಾನರೇ ಆದರು.

ಕೋಲಿನ ಕಷ್ಟವೇನೆಂದರೆ ಅದು ಉಲ್ಟಾ. ಕೋಲನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ಅಣ್ಣ ಬಚ್ಚಲಲ್ಲಿ ಬಕೆಟ್ ತುಂಬಿಸಿ, ನನ್ನ ಹುಳಿ ಸೌಟನ್ನು ಅದ್ದಿ, ಬಕೆಟ್ಟಿನ ಅಂಚಿಗೆ ಒರಗಿಸಿ ಪಾಠ ಮಾಡಿದ. ಹಿಡಿ ಈ ಕಡೆ ಬಂದರೆ ಬುಡ ಆ ಕಡೆ. ನಮ್ಮ ಯಜಮಾನರು ಅಚ್ಛಾ ಅಚ್ಛಾ ಎಂದು ತಲೆಯಾಡಿಸಿದರು. ಬಚ್ಚಲಲ್ಲಿ ಎಲ್ಲವೂ ತಿಳಿಯಿತು. ಆದರೆ ಇಪ್ಪತ್ತು ವರ್ಷ ದಿಲ್ಲಿಯ ರಿಂಗ್ ರೋಡಿನಲ್ಲಿ ಕಾರು ಓಡಿಸಿದ ಕೈ ಅದು. ಗಾಬರಿಯಾದರೆ ಕೈ ತನಗೆ ಗೊತ್ತಿದ್ದುದನ್ನೇ ಮಾಡುತ್ತದೆ. ಕ್ಲಬ್ಬಿನ ದೋಣಿ ಕಟ್ಟುವ ಮರದ ಜೆಟ್ಟಿ ಹತ್ತಿರವಾದಾಗ ಎಡಕ್ಕೆ ಹೋಗಬೇಕೆಂದು ಕೋಲನ್ನು ಎಡಕ್ಕೇ ಎಳೆದರು. ದೋಣಿ ಗಿರಕ್ಕನೆ ಬಲಕ್ಕೆ ತಿರುಗಿ, ಹಿಂಬದಿ ಹೋಗಿ ಜೆಟ್ಟಿಯ ಕಂಬಕ್ಕೆ ಬಡಿಯಿತು. ಹಲಗೆ ಸೀಳಿತು, ಕೋಲು ಮುರಿಯಿತು. ದಂಡೆಯಲ್ಲಿದ್ದವರೆಲ್ಲ ಚಹಾದ ಲೋಟ ಹಿಡಿದು ನೋಡುತ್ತಿದ್ದರು. ನಮ್ಮ ಯಜಮಾನರ ಮುಖ ಇಷ್ಟಾಯಿತು.

ಹೇಗಿದ್ದರೂ ಚುಕ್ಕಾಣಿಯನ್ನು ಹೊಸದಾಗಿ ಮಾಡಿಸಲೇಬೇಕು. ಆಗ ಶುರುವಾದದ್ದು ಆ ಜಗಳ.

"ಭಾವ, ದೊಡ್ಡ ಯಾಟ್‌ಗಳಲ್ಲೆಲ್ಲ ಚಕ್ರಾನೇ ಇರೋದು. ನಾನು ಫೋಟೋದಲ್ಲಿ ನೋಡಿದ್ದೀನಿ," ಎಂದರು ಯಜಮಾನರು.

"ವೀಲ್ ಹೋಗಾ ತೋ ನಾನೂ ಚಲಾಯಿಸ್ತೀನಿ ಮಾಮ," ಎಂದಳು ಮಗಳು. ಅವಳಿಗೆ ಆಗಷ್ಟೇ ಲೈಸೆನ್ಸ್ ಸಿಕ್ಕಿತ್ತು.

"ಇಷ್ಟುದ್ದ ದೋಣಿಗೆ ಚಕ್ರ ಯಾಕ್ರೀ? ಸೈಕಲ್ಲಿಗೆ ಗೇರ್ ಬಾಕ್ಸ್ ಇಟ್ಟ ಹಾಗೆ," ಎಂದೆ ನಾನು. ನನಗೆ ಚುಕ್ಕಾಣಿಯ ಶಾಸ್ತ್ರ ಏನೂ ಗೊತ್ತಿರಲಿಲ್ಲ. ಅಣ್ಣನ ಕೈಯಲ್ಲಿ ಕೋಲು ನೋಡಿದ್ದೆ, ಅದು ಅಲ್ಲೇ ಇರಬೇಕು ಅನಿಸಿತ್ತು, ಅಷ್ಟೇ. ನನಗೆ ಅನಿಸಿದ್ದನ್ನು ಮೆಲ್ಲಗೆ ಹೇಳಿ ಅಭ್ಯಾಸವಿಲ್ಲ. ಪಕ್ಕದ ಕ್ವಾರ್ಟರ್ಸಿನ ಪಂಜಾಬಿ ಹೆಂಗಸು ಬಾಗಿಲು ತೆರೆದು ಇಣುಕಿ ಹೋದಳು.

ಅಣ್ಣ ಇಬ್ಬರ ಮಾತನ್ನೂ ಕೇಳಿದ. ಆಮೇಲೆ ಆಫೀಸಿನಲ್ಲಿ ಟಿಪ್ಪಣಿ ಬರೆಸುವವನಂತೆ ಸಮಾಧಾನವಾಗಿ ಎರಡು ಪಕ್ಷವನ್ನೂ ಬಿಡಿಸಿ ಹೇಳಿದ. ಚಕ್ರವಾದರೆ ಎಡ ಎಂದರೆ ಎಡವೇ. ಮುಂದೆ ನೋಡಿಕೊಂಡು ಕೂರಬಹುದು. ಚುಕ್ಕಾಣಿಗೆ ಎಷ್ಟೇ ಒತ್ತಡ ಬಂದರೂ ಕೈ ಸೋಲುವುದಿಲ್ಲ. ಆದರೆ ಚಕ್ರದಿಂದ ಚುಕ್ಕಾಣಿಯವರೆಗೆ ಉಕ್ಕಿನ ತಂತಿ ಹೋಗಬೇಕು, ಅದನ್ನು ರಾಟೆಗಳ ಮೇಲೆ ತಿರುಗಿಸಬೇಕು, ರಾಟೆ ಒಂದು ಕೂದಲೆಳೆ ಓರೆಯಾದರೂ ತಂತಿ ಹಾರುತ್ತದೆ. ತಂತಿ ಹಿಗ್ಗುತ್ತದೆ, ಆಗಾಗ ಬಿಗಿಯಬೇಕು. ಕೋಲಿನಲ್ಲಿ ಕೆಡುವುದಕ್ಕೆ ಏನೂ ಇಲ್ಲ. "ಇನ್ನೂ ಒಂದಿದೆ," ಎಂದು ಶುರುಮಾಡಿ ನಿಲ್ಲಿಸಿದ. ಏನು ಎಂದು ಕೇಳುವ ವ್ಯವಧಾನ ಆ ಹೊತ್ತಿನಲ್ಲಿ ಯಾರಿಗೂ ಇರಲಿಲ್ಲ.

ವಾರ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ ಹೇಳಿದ, "ಚಕ್ರಾನೇ ಹಾಕ್ಸೋಣ. ನನಗೂ ಕೋಲು ಹಿಡಿದು ಹಿಡಿದು ಭುಜ ನೋಯುತ್ತೆ."

ನನಗೆ ಮೈಯೆಲ್ಲ ಉರಿಯಿತು. ಅವರ ಪರ ಇವರು, ಇವರ ಪರ ಅವರು, ನಿನ್ನ ಪರ ವಾದ ಮಾಡಿದವಳು ನಾನೊಬ್ಬಳು, ಕೊನೆಗೆ ನೀನೇ ಕೈಕೊಟ್ಟೆಯಲ್ಲ ಎಂದು ಕೂಗಾಡಿದೆ. ಅವನು ತಟ್ಟೆಯನ್ನು ಬೆರಳಿನಿಂದ ಸವರಿ ಉಳಿದ ಉಪ್ಪಿಟ್ಟು ಒಟ್ಟುಮಾಡಿಕೊಂಡ. "ಬಿಡೇ, ದೋಣಿ ತಾನೇ," ಎಂದ. ನಾನು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಭುಜ ನೋವು ಎಂದದ್ದನ್ನು ನಂಬಿ ನೋವಿನೆಣ್ಣೆ ಬೇರೆ ತಂದುಕೊಟ್ಟೆ. ಅವನು ಅದನ್ನೂ ಹಚ್ಚಿಕೊಂಡ.

ಚಕ್ರ ಹುಡುಕಲು ಮೊದಲು ಕಾಶ್ಮೀರಿ ಗೇಟಿನ ಮೋಟಾರು ಬಿಡಿಭಾಗಗಳ ಅಂಗಡಿಗಳಿಗೆ ಹೋದೆವು. ಅಂಗಡಿಯವನು ಕೇಳಿದ, "ಗಾಡಿ ಕೌನ್ ಸೀ ಹೈ, ಸಾಬ್?"

"ನಾವ್ ಹೈ, ಭಯ್ಯಾ," ಎಂದರು ಯಜಮಾನರು. ದೋಣಿಗೆ ಎಂದು ಕೇಳಿ ಅವನು ಒಳಗಿದ್ದವರನ್ನೆಲ್ಲ ಕರೆದು ನಮ್ಮನ್ನು ತೋರಿಸಿದ. ಅವನಲ್ಲಿದ್ದ ಕಾರಿನ ಚಕ್ರಗಳನ್ನೆಲ್ಲ ಅಣ್ಣ ಮುಟ್ಟಿ ನೋಡಿ ಬೇಡವೆಂದ. ಇನ್ನೂ ದೊಡ್ಡದು ಬೇಕು, ತುಂಬ ದೊಡ್ಡದು. ಕೊನೆಗೆ ಮಾಯಾಪುರಿಯ ಗುಜರಿಯಲ್ಲಿ ಒಂದು ಹಳೆಯ ಬಸ್ಸಿನ ಸ್ಟೀರಿಂಗ್ ಚಕ್ರ ಸಿಕ್ಕಿತು. ಎಷ್ಟು ಡ್ರೈವರುಗಳ ಅಂಗೈ ತಿಕ್ಕಿತ್ತೋ, ಕರಿ ಬಣ್ಣ ಹೋಗಿ ನುಣ್ಣಗಾಗಿತ್ತು. ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡು ಅತ್ತ ಇತ್ತ ತಿರುಗಿಸಿದ. "ದೊಡ್ಡದಾದಷ್ಟೂ ಕೈಗೆ ಒಂದಿಷ್ಟಾದರೂ ಸುಳಿವು ಸಿಗಬಹುದು," ಎಂದ. ಯಾವುದರ ಸುಳಿವು ಎಂದು ನಾನು ಕೇಳಲಿಲ್ಲ. ಸುತ್ತಲೂ ಸುತ್ತಿಗೆ ಸದ್ದು, ಎಣ್ಣೆ ಕೆಸರು, ಒಮ್ಮೆ ಮನೆ ಸೇರಿದರೆ ಸಾಕಾಗಿತ್ತು.

ಜೋಡಣೆಯ ಕೆಲಸವನ್ನು ಅಣ್ಣನೇ ಮಾಡಿಸಿದ. ರಾಟೆಗಳು ಒಂದೇ ಗೆರೆಯಲ್ಲಿವೆಯೇ ಎಂದು ಬೆರಳು ಆಡಿಸಿ ನೋಡಿದ, ತಂತಿಯನ್ನು ಮೀಟಿ ಅದರ ಬಿಗಿ ಕೇಳಿದ. ಒಂದು ವಿಷಯಕ್ಕೆ ಪಟ್ಟು ಹಿಡಿದ. ತಂತಿ ಕೈಕೊಟ್ಟರೆ ಬೇಕಾಗುತ್ತದೆ, ಆದ್ದರಿಂದ ಚುಕ್ಕಾಣಿಯ ತಲೆಯಲ್ಲಿ ಕೋಲು ಸಿಕ್ಕಿಸುವ ತೂತು ಹಾಗೇ ಇರಬೇಕು, ಗೂಡಿನಲ್ಲಿ ಒಂದು ಗಿಡ್ಡ ಕೋಲು ಸದಾ ಇರಬೇಕು. ಎರಡೂ ಆಯಿತು. ಆದರೆ ನಮ್ಮ ಯಜಮಾನರ ಒಂದು ಗುಣ ಹೇಳಬೇಕು. ನಮ್ಮ ಮನೆಯಲ್ಲಿ ಫ್ರಿಜ್ಜಿಗೆ ಕವರು, ಮಿಕ್ಸಿಗೆ ಕವರು, ರಿಮೋಟಿಗೆ ಪ್ಲಾಸ್ಟಿಕ್ಕಿನ ಅಂಗಿ. ವಸ್ತು ಹೊಸದಾಗಿ ಬಂದರೆ ಅದನ್ನು ಮುಚ್ಚಿಡುವುದೇ ಅವರಿಗೆ ಗೌರವ. ದೋಣಿಯ ಹಿಂದೆ ಗ್ರೀಸು ಮೆತ್ತಿದ ತಂತಿ, ರಾಟೆ ಎಲ್ಲ ಬೆತ್ತಲೆ ಕಾಣುವುದನ್ನು ಅವರಿಗೆ ತಡೆಯಲಾಗಲಿಲ್ಲ. ಮುನಿರ್ಕಾದ ಬಡಗಿಯಿಂದ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ, ಮೇಲೆ ತೇಗದ ಬಣ್ಣದ ಸನ್‌ಮೈಕಾ ಅಂಟಿಸಿ, ಚುಕ್ಕಾಣಿಯ ತಲೆಯ ಮೇಲೆ ಕೂರಿಸಿ ಸುತ್ತಲೂ ಸ್ಕ್ರೂ ಬಿಗಿದರು. ನೋಡಲು ಟಿವಿ ಸ್ಟ್ಯಾಂಡಿನಂತೆ ಚೆನ್ನಾಗಿತ್ತು.

"ಕೋಲಿನ ತೂತು?" ಎಂದ ಅಣ್ಣ, ಸನ್‌ಮೈಕಾ ಸವರುತ್ತ.

"ಒಳಗೇ ಇದೆ ಭಾವ. ಬೇಕಾದ್ರೆ ಸ್ಕ್ರೂ ಬಿಚ್ಚಿದ್ರಾಯ್ತು."

ಅಣ್ಣ ಹ್ಞೂಂ ಎಂದ. ಅಷ್ಟು ಪ್ರೀತಿಯಿಂದ ಮಾಡಿಸಿದ್ದನ್ನು ಬಿಚ್ಚಿ ಎಂದು ಹೇಳುವ ಜಾಯಮಾನ ಅವನದಲ್ಲ. ನಾನಾದರೂ ಹೇಳಬಹುದಿತ್ತು. ನನಗೂ ಅದು ಅಂದವಾಗಿಯೇ ಕಂಡಿತ್ತು.

ಮೊದಲ ಭಾನುವಾರ ದೋಣಿ ನೀರಿಗಿಳಿಯಿತು. ಚಕ್ರಕ್ಕೆ ಕುಂಕುಮ ಹಚ್ಚಿದೆ, ಒಂದು ಮೊಳ ಚೆಂಡುಹೂವು ಸುತ್ತಿದೆ. ಅಣ್ಣ ಮೊದಲು ಕೂತ. ಗಾಳಿ ತುಂಬಿತು, ದೋಣಿ ಹೊರಟಿತು. ಅವನು ಚಕ್ರವನ್ನು ಸ್ವಲ್ಪ ಬಲಕ್ಕೆ ತಿರುಗಿಸಿದ, ಸ್ವಲ್ಪ ಎಡಕ್ಕೆ ತಿರುಗಿಸಿದ, ಮತ್ತೆ ಬಲಕ್ಕೆ. ಬಾಗಿಲು ತಟ್ಟಿ ಒಳಗಿನ ಸದ್ದಿಗೆ ಕಾಯುವವನ ಹಾಗೆ ತಲೆ ಓರೆ ಮಾಡಿಕೊಂಡಿದ್ದ. ಆಮೇಲೆ ಎದ್ದು, "ತುಂಬಾ ಚೆನ್ನಾಗಿದೆ. ಈಗ ನೀವು ಕೂತ್ಕೊಳ್ಳಿ," ಎಂದು ಯಜಮಾನರಿಗೆ ಜಾಗ ಬಿಟ್ಟುಕೊಟ್ಟ. ಯಜಮಾನರು ದೋಣಿಯನ್ನು ಹಗ್ಗ ಹಿಡಿದಂತೆ ನೇರವಾಗಿ ನಡೆಸಿದರು. ಮಗಳೂ ನಡೆಸಿದಳು. ದಂಡೆಯಲ್ಲಿದ್ದ ಕಾರ್ಯದರ್ಶಿ ಟೋಪಿ ಎತ್ತಿ ಆಡಿಸಿದರು. ಅಣ್ಣ ನನ್ನ ಪಕ್ಕ ಬಂದು ಕೂತು ಕಿತ್ತಳೆ ಸುಲಿದ.

ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ ಹಾಗೇ. ಅವನು ಚಕ್ರದ ಹತ್ತಿರ ಹೋಗಲೇ ಇಲ್ಲ. ಒಂದು ಸಂಜೆ ಅವನ ಕಣ್ಣಿಗೆ ಔಷಧದ ಹನಿ ಹಾಕುತ್ತ ಕೇಳಿದೆ, "ಯಾಕಣ್ಣ, ನೀನು ನಡೆಸೋದೇ ಇಲ್ಲ?"

ರೆಪ್ಪೆ ಮುಚ್ಚಿಕೊಂಡೇ ಹೇಳಿದ, "ಕೋಲು ಹಿಡಿದ್ರೆ ನೀರು ಕೈಗೆ ಬರ್ತಿತ್ತು ಕಣೇ. ಎಷ್ಟು ಓಡ್ತಿದೆ, ಎಲ್ಲಿ ತಡೀತಿದೆ, ಎಲ್ಲಾ. ಈಗ ಮಧ್ಯೆ ತಂತಿ, ರಾಟೆ, ಗ್ರೀಸು. ಏನೂ ಬರಲ್ಲ. ಏನೂ ಬರದೆ ನಾನು ಹೇಗೆ ನಡೆಸಲಿ?"

"ಇದು ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ದೊಡ್ಡ ಚಕ್ರ ಆದ್ರೆ ಸ್ವಲ್ಪ ಬರಬಹುದೇನೋ ಅನ್ಕೊಂಡಿದ್ದೆ."

"ಮತ್ತೆ ಯಾಕೆ ಒಪ್ಕೊಂಡೆ?" ನನ್ನ ದನಿ ಏರಿತ್ತು.

"ಮೆಲ್ಲಗೆ. ಅವರಿಗೆ ಕೇಳುತ್ತೆ." ಹನಿ ಕೆನ್ನೆಗಿಳಿದದ್ದನ್ನು ಒರೆಸಿಕೊಂಡ. "ಕೋಲಾದ್ರೆ ನಾನು ನಿಮ್ಮನ್ನ ಕರ್ಕೊಂಡು ಹೋಗ್ಬೇಕು. ಎಷ್ಟು ದಿನ ಹೋದೇನು? ಚಕ್ರ ಆದ್ರೆ ನೀವು ನನ್ನ ಕರ್ಕೊಂಡು ಹೋಗ್ತೀರ."

ಮನೆಯಲ್ಲಿ ಅಷ್ಟೊಂದು ವಾದ ಮಾಡಿದ್ದೆವು. ಚಕ್ರ ಸುಲಭವೋ, ಕೋಲು ಸುಲಭವೋ, ತಂತಿ ಹಿಗ್ಗುತ್ತದೋ ಇಲ್ಲವೋ ಎಂದೆಲ್ಲ. ಅವನು ಯೋಚಿಸಿದ್ದೇ ಬೇರೆ. ನೀರಿನ ಮೇಲೆ ಇರಬೇಕಾದರೆ ಕೈಯಲ್ಲಿದ್ದದ್ದನ್ನು ಬಿಟ್ಟುಕೊಡಬೇಕು ಎಂದು ಲೆಕ್ಕ ಹಾಕಿ, ಭುಜ ನೋವೆಂದು ಸುಳ್ಳು ಹೇಳಿ ಬಿಟ್ಟುಕೊಟ್ಟಿದ್ದ. ನಾಳೆಯೇ ಚಕ್ರ ಕೀಳಿಸುತ್ತೇನೆ ಎಂದೆ. ಅವನು ನನ್ನ ಕೈಹಿಡಿದು, ಯಜಮಾನರಿಗೆ ಒಂದು ಮಾತೂ ಹೇಳಕೂಡದೆಂದು ಆಣೆ ಮಾಡಿಸಿಕೊಂಡ. ಅವರು ಭಾನುವಾರ ಬಂತೆಂದರೆ ಎಷ್ಟು ಖುಷಿಯಾಗಿರುತ್ತಾರೆ ನೋಡಿಲ್ಲವೇ ಎಂದ. ನೋಡಿದ್ದೆ. ಆಫೀಸಿನಲ್ಲಿ ಫೈಲು ಹೊತ್ತು ಹೊತ್ತು ಬಗ್ಗಿದ ಆ ಬೆನ್ನು ಚಕ್ರದ ಹಿಂದೆ ನೆಟ್ಟಗಾಗುತ್ತಿತ್ತು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಯಮುನೆಯಲ್ಲಿ ಅಂತರಗಂಗೆ ವಿಪರೀತ ಬಂತು. ಒಂದು ಭಾನುವಾರ ನಾವು ನಾಲ್ವರೂ ದೋಣಿಯಲ್ಲಿದ್ದೆವು. ಯಜಮಾನರು ಚಕ್ರ ಹಿಡಿದಿದ್ದರು, ಮಗಳು ಮುಂದೆ ಕೂತಿದ್ದಳು, ಅಣ್ಣ ನನ್ನ ಪಕ್ಕದಲ್ಲಿದ್ದ. ಅವನ ನೋಟ ಆಗ ಬೆಳಕು ನೆರಳು ತಿಳಿಯುವಷ್ಟಕ್ಕೆ ಇಳಿದಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವನು ತಲೆ ಎತ್ತಿದ.

"ದೋಣಿ ಎಳೀತಿದೆ. ಚಕ್ರ ಭಾರ ಆಯ್ತಾ?"

"ಇಲ್ಲ ಭಾವ, ಚೆನ್ನಾಗಿದೆ," ಎಂದರು ಯಜಮಾನರು. ಸುಳ್ಳಲ್ಲ. ಬಸ್ಸು ತಿರುಗಿಸುವ ಚಕ್ರ ಅದು, ಚುಕ್ಕಾಣಿಗೆ ಮಣಗಟ್ಟಲೆ ಕಳೆ ಸುತ್ತಿಕೊಂಡರೂ ಕೈಗೆ ತಿಳಿಯುವಂತಿರಲಿಲ್ಲ. ತಿಳಿಯುವ ಹೊತ್ತಿಗೆ ತಡವಾಗಿತ್ತು. ದೋಣಿ ತಿರುಗುತ್ತಿಲ್ಲವೆಂದು ಅವರು ಇನ್ನಷ್ಟು ಬಲ ಹಾಕಿದರು. ಪೆಟ್ಟಿಗೆಯೊಳಗೆ ಟಣ್ ಎಂದಿತು. ಚಕ್ರ ಅವರ ಕೈಯಲ್ಲಿ ಗರಗರ ಸುತ್ತತೊಡಗಿತು, ದೋಣಿ ಮಾತ್ರ ತನಗಿಷ್ಟ ಬಂದ ಕಡೆ ಹೊರಟಿತು.

"ತಂತಿ ಹೋಯ್ತು. ಪೆಟ್ಟಿಗೆ ಬಿಚ್ಚಿ, ಕೋಲು ಸಿಕ್ಕಿಸಿ," ಎಂದ ಅಣ್ಣ.

ಯಜಮಾನರು ಜೇಬು ಮುಟ್ಟಿಕೊಂಡರು, ಗೂಡಿನೊಳಗೆ ಬಗ್ಗಿ ತಡಕಾಡಿದರು. ಗಿಡ್ಡ ಕೋಲು ಇತ್ತು. ಸ್ಕ್ರೂ ಡ್ರೈವರ್ ಆರ್.ಕೆ.ಪುರಂನ ಶೋಕೇಸಿನ ಡ್ರಾಯರಿನಲ್ಲಿತ್ತು. ಅವರು ಪೆಟ್ಟಿಗೆಯನ್ನು ಕೋಲಿನಿಂದ ಬಡಿದರು, ಕಾಲಿನಿಂದ ಒದ್ದರು. ಸನ್‌ಮೈಕಾಕ್ಕೆ ಒಂದು ಗೀರು ಬಿತ್ತೇ ಹೊರತು ಪೆಟ್ಟಿಗೆ ಅಲುಗಲಿಲ್ಲ. ಕ್ಲಬ್ಬಿನ ಮೋಟಾರು ದೋಣಿ ದೂರದಲ್ಲಿ ಮಕ್ಕಳ ದೋಣಿಗಳ ಹಿಂದಿತ್ತು, ನಮ್ಮ ಕೂಗು ಅದರ ಇಂಜಿನ್ನಿನ ಸದ್ದಿಗೆ ಕೇಳುತ್ತಿರಲಿಲ್ಲ. ಗಾಳಿ ನಮ್ಮನ್ನು ಬ್ಯಾರೇಜಿನ ಕಡೆ ತಳ್ಳುತ್ತಿತ್ತು. ಅದರ ಬಾಗಿಲುಗಳ ಹತ್ತಿರ ನೀರು ಸುಳಿಯುವುದು ನನಗೆ ಕಾಣುತ್ತಿತ್ತು. ಗೊತ್ತಿದ್ದ ದೇವರನ್ನೆಲ್ಲ ಕರೆದೆ.

ಅಣ್ಣ ಎದ್ದ. ದೋಣಿಯ ಅಂಚನ್ನು ತಡವುತ್ತ ಹಿಂಬದಿಗೆ ಹೋಗಿ, ಪೆಟ್ಟಿಗೆಯ ಪಕ್ಕದಲ್ಲಿ ಬೋರಲು ಮಲಗಿ, ಒಂದು ತೋಳನ್ನು ಭುಜದವರೆಗೆ ಆ ಕಪ್ಪು ನೀರಿನಲ್ಲಿ ಇಳಿಸಿದ. "ನನ್ನ ಕಾಲು ಹಿಡ್ಕೋ," ಎಂದ ನನಗೆ. ಹಿಡಿದುಕೊಂಡೆ. ಅವನು ಕಳೆಯನ್ನು ಬೇರುಸಮೇತ ಬಾಚಿ ಬಾಚಿ ಎಸೆದ. ಆಮೇಲೆ ಚುಕ್ಕಾಣಿಯ ಹಲಗೆಯನ್ನೇ ನೇರವಾಗಿ ಅಂಗೈಯಲ್ಲಿ ಹಿಡಿದ.

"ಹಾಯಿ ಎಳೀರಿ. ಇನ್ನೂ. ಸಾಕು." ಆಮೇಲೆ ಮಗಳಿಗೆ, "ಜೆಟ್ಟಿ ಎಲ್ಲಿದೆ ಹೇಳ್ತಾ ಇರು. ನನ್ನ ಎಡ ಬಲ ಬೇಡ, ದೋಣಿದು ಹೇಳು."

"ಲೆಫ್ಟ್, ಮಾಮ! ಥೋಡಾ ಔರ್ ಲೆಫ್ಟ್. ಬಸ್ ಬಸ್, ಸೀಧಾ!"

ದೋಣಿ ತಿರುಗಿತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಯಾರೂ ಹೇಳಿದಂತೆ ಕೇಳದಿದ್ದ ಆ ದೋಣಿ ಅವನ ಅಂಗೈ ಹೇಳಿದಂತೆ ಕೇಳಿತು. ಬ್ಯಾರೇಜು ಹಿಂದಕ್ಕೆ ಸರಿಯಿತು. ನಾನು ಅವನ ಕಾಲು ಹಿಡಿದು ಅವನ ಮುಖ ನೋಡಿದೆ. ಕೆನ್ನೆ ದೋಣಿಯ ಅಂಚಿಗೆ ಒತ್ತಿತ್ತು, ಕೂದಲಿಗೆ ಕಳೆ ಅಂಟಿತ್ತು, ಆ ಗಬ್ಬು ನೀರು ತುಟಿಗೆ ಸಿಡಿಯುತ್ತಿತ್ತು. ಅವನು ನಗುತ್ತಿದ್ದ. ಅಷ್ಟು ಖುಷಿಯಾಗಿ ಅವನನ್ನು ನಾನು ವರ್ಷಗಳಿಂದ ನೋಡಿರಲಿಲ್ಲ. ಜೆಟ್ಟಿ ಮುಟ್ಟುವವರೆಗೂ ಅವನು ಕೈ ತೆಗೆಯಲಿಲ್ಲ, ಮುಟ್ಟಿದ ಮೇಲೂ ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಮನೆಗೆ ಹೋಗುವಾಗ ಕಾರು ಆಶ್ರಮ್ ಚೌಕದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ನಾನೇ ಬಾಯಿಬಿಟ್ಟೆ. ಇನ್ನು ದೋಣಿ ಸಾಕು, ಯಾರೂ ಹತ್ತುವುದು ಬೇಡ, ನನ್ನ ಮೇಲೆ ಆಣೆ ಎಂದೆ. ಯಜಮಾನರು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತರು. ಹಿಂದೆ ಕೂತಿದ್ದ ಅಣ್ಣ ಅವರ ಹೆಗಲ ಮೇಲೆ ಕೈಯಿಟ್ಟು, "ಆಗಲಿ ಬಿಡಿ," ಎಂದ. ಪೆಟ್ಟಿಗೆಯ ಮಾತು ಆಗಲೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಚಳಿಗಾಲ ಮುಗಿಯುವುದರೊಳಗೆ ದೋಣಿಯನ್ನು ಬೇರೆ ಊರಿನವರು ಲಾರಿಯಲ್ಲಿ ಹಾಕಿಕೊಂಡು ಹೋದರು. ಅಣ್ಣನ ಕಣ್ಣು ಪೂರ್ತಿ ಹೋಯಿತು. ನಮ್ಮ ಜೊತೆಯಲ್ಲೇ ಇದ್ದ, ರೇಡಿಯೋ ಕೇಳುತ್ತ, ನಾನು ಹೆಚ್ಚಲು ಕೊಟ್ಟ ಬೀನ್ಸ್ ಹೆಚ್ಚುತ್ತ. ಈಗ ಅವನಿಲ್ಲ. ಬ್ಯಾರೇಜಿನ ನೀರು ನೋಡಿದ್ದ ನನ್ನ ಹೆದರಿಕೆ ಸುಳ್ಳಲ್ಲ, ಅದನ್ನು ಯಾರು ಬೇಕಾದರೂ ಒಪ್ಪುತ್ತಾರೆ. ಆದರೂ ಮನಸ್ಸು ಒಪ್ಪುವುದಿಲ್ಲ. ಸ್ಕ್ರೂ ಬಿಚ್ಚಿ ಆ ಪೆಟ್ಟಿಗೆಯನ್ನು ಯಮುನೆಗೆ ಎಸೆದು, ಗಿಡ್ಡದೋ ಉದ್ದದ್ದೋ ಒಂದು ಕೋಲು ಅವನ ಕೈಗೆ ಕೊಟ್ಟಿದ್ದರೆ ಆಗುತ್ತಿತ್ತು. ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆ ಭಾನುವಾರ ಮನೆಗೆ ಬಂದವಳೇ ಅವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದ್ದೆ. ಊರಿನ ಕೊಳೆಯೆಲ್ಲ ಹರಿಯುವ ನೀರು ಅದು, ತೋಳಿನಲ್ಲಿ ತರಚಿದ ಗಾಯ ಬೇರೆ. ಬಿಸಿನೀರಿಗೆ ಡೆಟಾಲ್ ಸುರಿದೆ, ಸೋಪು ತೆಗೆದುಕೊಂಡೆ. ಅವನು ಅಂಗೈಯನ್ನು ಮುಚ್ಚಿ ಎದೆಗೆ ಹಿಡಿದುಕೊಂಡಿದ್ದ.

"ಈ ಕೈ ಸ್ವಲ್ಪ ಹೊತ್ತು ಹಾಗೇ ಬಿಡೇ. ಇನ್ನೂ ಇದೆ," ಎಂದ.

"ಏನಿದೆ, ರೋಗ ಇದೆ," ಎಂದು ಗದರಿ, ಬೆರಳು ಬಿಡಿಸಿ, ತಿಕ್ಕಿ ತಿಕ್ಕಿ ತೊಳೆದೆ.